ದೇವರಾಯಸಮುದ್ರದ ದಾರಿಯ ಬಸ್ಸುಗಳು

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರವು ಹೆಸರಿಗೆ ಸಮುದ್ರವಾದರೂ ಕಡಲಿಗೆ ಬಹುದೂರದ ಊರು. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿಂದಿನವರ ವಾಡಿಕೆ. ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲದ ಕೋಲಾರದ ಸೀಮೆಯಲ್ಲಿ ಅವರು ಕೆರೆಗಳನ್ನೇ ನಂಬಿ ಬಾಳಿದರು. ಕೆರೆಯನ್ನು ಕಟ್ಟಿಸಿದವನ ಹೆಸರು ಊರಿನ ಹೆಸರಾಗಿ ನಿಲ್ಲುವುದುಂಟು. ವರ್ಷವರ್ಷವೂ ಹೂಳೆತ್ತಿ, ಏರಿಯನ್ನು ಬಲಪಡಿಸಿ, ತೂಬನ್ನು ಸರಿಪಡಿಸಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಆದರೂ ನೀರು ನಿಂತದ್ದು ಇವರಿಂದಲೇ. ಈ ಸೀಮೆಯ ರಸ್ತೆಯಲ್ಲಿ ದಿನವೂ ಓಡಾಡುವ ಬಸ್ಸುಗಳ ವಿಷಯದಲ್ಲಿಯೂ ಇದೇ ನ್ಯಾಯ ನಡೆಯುತ್ತಲಿದೆ.

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು, ನಂಗಲಿಗಳ ಮೂಲಕ ಆಂಧ್ರದ ಗಡಿಯನ್ನು ದಾಟುವ ಹೆದ್ದಾರಿಯೇ ಇಲ್ಲಿಯ ಜನಕ್ಕೆ ಆಧಾರ. ಮುಳಬಾಗಿಲಿಗೆ ರೈಲು ಇಂದಿಗೂ ಬಂದಿಲ್ಲ. ಆವಣಿಯ ರಾಮಲಿಂಗೇಶ್ವರನ ದರ್ಶನಕ್ಕೆ ಹೋಗುವ ಯಾತ್ರಿಕರೂ, ಕುರುಡುಮಲೆಯ ಗಣಪತಿಗೆ ಹರಕೆ ಹೊತ್ತವರೂ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳೂ, ಕೋಲಾರದ ಆಸ್ಪತ್ರೆಗೆ ಹೋಗುವ ಬಾಣಂತಿಯರೂ ಬಸ್ಸನ್ನೇ ನಂಬಬೇಕು. 2023ನೆಯ ಇಸವಿಯ ಜೂನ್ 11ರಿಂದ ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲದ ಪ್ರಯಾಣ ದೊರೆತ ಮೇಲಂತೂ ಮನೆಯ ಹೊಸ್ತಿಲು ದಾಟಿ ಬಸ್ಸೇರುವವರ ಸಂಖ್ಯೆ ಬಹಳ ಹೆಚ್ಚಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಜನ ಹೆಚ್ಚಿದಷ್ಟೂ ಕಮಾನು ಪಟ್ಟೆ, ಟಯರು, ಬ್ರೇಕುಗಳ ಮೇಲೆ ಭಾರ ಹೆಚ್ಚುವುದೆಂಬುದನ್ನು ಮರೆಯಲಾಗದು.

ನಮ್ಮ ನಾಡಿನಲ್ಲಿ ಸರ್ಕಾರದ ಬಸ್ಸು ಆರಂಭವಾದ ಕಥೆ ದೊಡ್ಡದಲ್ಲ. 1948ನೆಯ ಇಸವಿಯ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಕಾರ್ಯಕ್ಕಿಳಿಯಿತು. 1961ರಲ್ಲಿ ಅದು ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ನಿಗಮಕ್ಕೂ ಆ ಹೆಸರೇ ಬಂದಿತು. ಅದಕ್ಕೂ ಮೊದಲು, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಪೆಟ್ರೋಲು ದುರ್ಲಭವಾಗಲು ಬಸ್ಸಿಗೆ ಒಲೆಯಂತಹ ಕೊಳವೆಯನ್ನು ಕಟ್ಟಿ, ಇದ್ದಲು ಉರಿಸಿ, ಅದರ ಅನಿಲದಿಂದ ಎಂಜಿನನ್ನು ನಡೆಸಿದರು. ಹೊರಡುವ ಮೊದಲು ಬೆಂಕಿ ಹೊತ್ತಿಸಿ ಗಾಳಿ ಬೀಸಬೇಕು. ದಿನವೂ ಬೂದಿ ತೆಗೆದು ಮಸಿ ಕೊಡಹಬೇಕು. ಒಲೆಯನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಆ ಶ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂದು ಡೀಸೆಲ್ ಬಸ್ಸಿಗೆ ಆ ಕಷ್ಟವಿಲ್ಲ, ಬೇರೆ ಕಷ್ಟಗಳುಂಟು. ಸಂಜೆ ಡಿಪೋಗೆ ಮರಳಿದ ಬಸ್ಸಿನ ಚಾಲಕನು ತಾನು ಕಂಡ ದೋಷವನ್ನು ಬರೆದುಕೊಡುತ್ತಾನೆ: ಬ್ರೇಕು ಎಡಕ್ಕೆ ಎಳೆಯುತ್ತದೆ, ಗೇರು ಸಲೀಸಾಗಿ ಬೀಳುವುದಿಲ್ಲ, ದೀಪ ಮಂಕಾಗಿದೆ. ಊರು ಮಲಗಿರುವಾಗ ಮೆಕ್ಯಾನಿಕ್ಕುಗಳು ಗುಂಡಿಗಿಳಿದು ಬಸ್ಸಿನ ಅಡಿಭಾಗವನ್ನು ನೋಡುತ್ತಾರೆ. ಎಂಜಿನ್ ಎಣ್ಣೆಯ ಮಟ್ಟ, ರೇಡಿಯೇಟರಿನ ನೀರು, ಚಕ್ರದ ನಟ್ಟುಗಳ ಬಿಗಿ, ಸ್ಟೆಪ್ನಿ, ಬೆಳಕು, ಇವೆಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ಚಕ್ರದ ನಟ್ಟನ್ನು ಸುತ್ತಿಗೆಯಿಂದ ತಟ್ಟಿ ನೋಡುವ ಪದ್ಧತಿ ಹಳೆಯದು. ಬಿಗಿಯಾದುದರ ನಾದ ಒಂದು, ಸಡಿಲವಾದುದರ ನಾದ ಮತ್ತೊಂದು. ಸಂತೆಯಲ್ಲಿ ಮಡಕೆಯನ್ನು ತಟ್ಟಿ ಕೊಳ್ಳುವವರು ಈ ವಿದ್ಯೆಯನ್ನು ಬಲ್ಲರು.

ಬ್ರೇಕಿನ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತ. ದೊಡ್ಡ ಬಸ್ಸನ್ನು ನಿಲ್ಲಿಸುವುದು ಚಾಲಕನ ಕಾಲಿನ ಬಲವಲ್ಲ, ತೊಟ್ಟಿಯಲ್ಲಿ ಒತ್ತಿ ತುಂಬಿದ ಗಾಳಿಯ ಬಲ. ಗಾಳಿಯೊಡನೆ ಬಂದ ತೇವವು ತೊಟ್ಟಿಯ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಅದನ್ನು ಆಗಾಗ್ಗೆ ಹೊರಕ್ಕೆ ಬಿಡದಿದ್ದರೆ ತುಕ್ಕು ಹಿಡಿದು ಕವಾಟಗಳು ಕೆಡುವುವು. ಬಿಡುವುದಕ್ಕೆ ಕ್ಷಣಕಾಲ ಸಾಕು. ಬಿಡದಿದ್ದುದರ ಫಲವು ತಿರುಪತಿಯ ದಾರಿಯಲ್ಲಿ, ಪಲಮನೇರಿನಾಚೆಯ ಮೊಗಿಲಿ ಘಾಟಿಯ ಇಳಿಜಾರಿನಲ್ಲಿ ಕಾಣಬಹುದು. ಹಿಂದಿನ ಜೋಡಿ ಚಕ್ರಗಳದೂ ಇಂತಹುದೇ ವ್ಯವಹಾರ. ಒಂದರಲ್ಲಿ ಗಾಳಿ ಕಡಮೆಯಾದರೆ ಭಾರವೆಲ್ಲ ಜೊತೆಯ ಚಕ್ರದ ಮೇಲೆ ಬಿದ್ದು ಅದು ಕಾದು ಒಡೆಯುವುದು. ನೊಗದ ಒಂದು ಎತ್ತು ಸೋತರೆ ಇನ್ನೊಂದರ ಹೆಗಲು ಹುಣ್ಣಾಗುವಂತೆಯೇ ಇದು. ಮುಂದಿನ ಚಕ್ರ ಒಡೆದರೆ ಬಸ್ಸು ಹಿಡಿತ ತಪ್ಪುವುದರಿಂದ ಹೊಸ ಟಯರನ್ನು ಮುಂದಕ್ಕೂ, ರಬ್ಬರು ಹೊಸದಾಗಿ ಹೊದಿಸಿದ ಹಳೆಯದನ್ನು ಹಿಂದಕ್ಕೂ ಹಾಕುವುದು ವಿವೇಕವೆನಿಸಿದೆ.

ಡಿಪೋದಲ್ಲಿ ಆಗದ ಕೆಲಸಕ್ಕೆ ವಿಭಾಗದ ಕಾರ್ಯಾಗಾರವೂ, ಅಲ್ಲಿಯೂ ಆಗದುದಕ್ಕೆ ಬೆಂಗಳೂರಿನ ಕೆಂಗೇರಿ ಮತ್ತು ಹಾಸನದ ಪ್ರಾದೇಶಿಕ ಕಾರ್ಯಾಗಾರಗಳೂ ಇವೆ. ಲಕ್ಷಗಟ್ಟಲೆ ಕಿಲೋಮೀಟರು ಓಡಿ ದಣಿದ ಬಸ್ಸುಗಳ ತಗಡು ಬಿಚ್ಚಿ, ತುಕ್ಕು ತಿಂದ ಚೌಕಟ್ಟನ್ನು ಬದಲಿಸಿ, ಆಸನ ಬಣ್ಣಗಳನ್ನು ಹೊಸದು ಮಾಡಿ ಮತ್ತೆ ರಸ್ತೆಗೆ ಬಿಡುವ ಪುನಶ್ಚೇತನದ ಕಾರ್ಯವು ಈಚಿನ ವರ್ಷಗಳಲ್ಲಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಹೊಸ ಬಸ್ಸಿನ ಬೆಲೆಯ ಒಂದು ಸಣ್ಣ ಅಂಶದಲ್ಲಿ ಹಳೆಯದು ಇನ್ನೂ ಕೆಲವು ಕಾಲ ಬಾಳುವುದಾದರೆ ಅದನ್ನು ಜಿಪುಣತನವೆನ್ನಲಾಗದು. ಹಳೆಯ ಹಂಡೆಗೆ ಕಲಾಯಿ ಹಾಕಿಸುವ ಸಂಸಾರದ ಜಾಣತನವದು. ಆದರೆ ಬಣ್ಣವು ಬ್ರೇಕಿನ ದೋಷವನ್ನು ಮುಚ್ಚಬಾರದು. ವಾಹನದ ಅರ್ಹತಾಪತ್ರವು ಪರೀಕ್ಷಿಸಿದ ದಿನದ ಸ್ಥಿತಿಯನ್ನು ಹೇಳುತ್ತದೆ; ಉಳಿದ ದಿನಗಳಿಗೆ ಮೆಕ್ಯಾನಿಕ್ಕಿನ ಕಣ್ಣೇ ಸಾಕ್ಷಿ.

ಇನ್ನು ಹಳ್ಳಿಯಲ್ಲಿ ರಾತ್ರಿ ತಂಗುವ ಬಸ್ಸಿನ ಮಾತು. ಕೊನೆಯ ಸರದಿಯಲ್ಲಿ ಬಂದು, ಗುಡಿಯ ಮುಂದೆ ನಿಂತು, ಬೆಳಗಿನ ಜಾವ ಮೊದಲ ಸರದಿಗೆ ಹೊರಡುವ ಬಸ್ಸು ಹಳ್ಳಿಗೆ ದೊಡ್ಡ ಅನುಕೂಲ. ಆದರೆ ಆ ರಾತ್ರಿ ಅದಕ್ಕೆ ಡಿಪೋದ ಆರೈಕೆಯಿಲ್ಲ. ಹಳ್ಳಿಯ ಕಲ್ಲುರಸ್ತೆಯೂ ಅದಕ್ಕೆ ಹೆದ್ದಾರಿಯ ಸುಖವನ್ನು ಕೊಡುವುದಿಲ್ಲ. ಆದುದರಿಂದ ಹೆಚ್ಚು ಆರೈಕೆ ಬೇಕಾದ ಬಸ್ಸಿಗೇ ಅದು ತಪ್ಪುವ ಸಂಭವವುಂಟು. ನಗರದಲ್ಲಿ ಒಂದು ಬಸ್ಸು ಕೆಟ್ಟರೆ ಹಿಂದೆಯೇ ಮತ್ತೊಂದು ಬರುತ್ತದೆ. ಹಳ್ಳಿಯ ಏಕಮಾತ್ರ ಬಸ್ಸು ಕೆಟ್ಟರೆ ಪರೀಕ್ಷೆ ತಪ್ಪುತ್ತದೆ, ಕೂಲಿ ತಪ್ಪುತ್ತದೆ, ಔಷಧಿ ತಪ್ಪುತ್ತದೆ. ಒಳ್ಳೆಯ ಬಸ್ಸು ದೂರದ ಊರಿಗೆ, ಹಳೆಯದು ಹಳ್ಳಿಗೆ ಎಂಬ ಲೆಕ್ಕವು ಎಲ್ಲಿದ್ದರೂ ಅದನ್ನು ಮರಳಿ ಯೋಚಿಸತಕ್ಕದ್ದು.

ಪ್ರಯಾಣಿಕರಾದ ನಮ್ಮಿಂದಲೂ ಆಗಬೇಕಾದುದಿದೆ. ಬಾಗಿಲಿನಲ್ಲಿ ಜೋತುಬೀಳದಿರುವುದು, ಆಸನವನ್ನು ಕೊಯ್ಯದಿರುವುದು, ಸುಟ್ಟ ವಾಸನೆಯೋ ಹೊಸ ಸದ್ದೋ ಕಂಡುಬಂದರೆ ನಿರ್ವಾಹಕನಿಗೆ ಹೇಳುವುದು, ಇವು ಸಣ್ಣ ಕೆಲಸಗಳು. ಬಸ್ಸು ತಡವಾದ ದಿನ ಬೈಯುವವರು ಬಹಳ. ಮುನ್ನೂರು ದಿನ ಅದು ವೇಳೆಗೆ ಸರಿಯಾಗಿ ಬಂದುದರ ಹಿಂದೆ, ನಿದ್ದೆಗೆಟ್ಟು, ಎಣ್ಣೆಮಸಿಯ ಕೈಗಳಿಂದ ನಟ್ಟು ಬಿಗಿದವನೊಬ್ಬನಿದ್ದಾನೆ. ಏರಿಯನ್ನು ಕಾಯುವ ನೀರುಗಂಟಿಗೆ ಊರವರು ಸುಗ್ಗಿಯಲ್ಲಿ ಧಾನ್ಯ ಅಳೆದುಕೊಡುತ್ತಿದ್ದರು. ಈತನಿಗೆ ಸಲ್ಲಬೇಕಾದುದು ತಕ್ಕ ಸಂಬಳ, ವೇಳೆಗೆ ಸರಿಯಾಗಿ ದೊರೆಯುವ ಬಿಡಿಭಾಗ, ಮತ್ತು ಕೆಟ್ಟ ಬಸ್ಸನ್ನು ರಸ್ತೆಗೆ ಬಿಡಲಾರೆನೆಂದು ಹೇಳುವ ಅಧಿಕಾರ. ಇವನ್ನು ಕೊಟ್ಟರೆ ನಮ್ಮ ಮಕ್ಕಳು ಸಂಜೆಗೆ ಸುಖವಾಗಿ ಮನೆ ಸೇರುವರು.