ಹಸಿರು ಬಣ್ಣದೊಳಗಿನ ಎಲ್ಲೆಗಳು: ಬಿಳಿಗಿರಿರಂಗನ ಬೆಟ್ಟದಲ್ಲಿ ನಾನು ನೋಡಿದ ನಕ್ಷೆ

ಫೋನ್ ಹೇಗೂ ಕೈಯಲ್ಲೇ ಇದೆಯಲ್ಲ, ಒಮ್ಮೆ ಮ್ಯಾಪ್ ತೆರೆದು ಬಿಳಿಗಿರಿರಂಗನ ಬೆಟ್ಟ ಅಂತ ಹುಡುಕಿ ನೋಡಿ. ಯಳಂದೂರಿನಿಂದ ಮೇಲಕ್ಕೆ ಹತ್ತುವ ಹಾವಿನಂಥ ರಸ್ತೆ, ರಂಗನಾಥನ ದೇವಸ್ಥಾನ, ನಾಲ್ಕಾರು ತಂಗುವ ಜಾಗ, ಕೆ. ಗುಡಿ ಕಡೆ ತಿರುಗುವ ದಾರಿ. ಇಷ್ಟು ಕಾಣುತ್ತೆ. ಉಳಿದದ್ದೆಲ್ಲ ಬರೀ ಹಸಿರು. ಎಷ್ಟು ಜೂಮ್ ಮಾಡಿದರೂ ಹಸಿರೇ.

ದಿನಾ ಆಫೀಸಿನಲ್ಲಿ ನನ್ನ ಕೆಲಸವೇ ಮ್ಯಾಪು. ಗಾಡಿ ಯಾವ ರಸ್ತೆಯಲ್ಲಿ ಹೋದರೆ ಬೇಗ ತಲುಪುತ್ತೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುತ್ತೇನೆ. ನಮ್ಮ ಲೆಕ್ಕದಲ್ಲಿ ಇಂಥ ಹಸಿರು ಅಂದರೆ ಡೇಟಾ ಇಲ್ಲದ ಜಾಗ, ಅಷ್ಟೇ. ಹೋದ ಚಳಿಗಾಲದಲ್ಲಿ ಅರಣ್ಯ ಹಕ್ಕಿನ ಬಗ್ಗೆ ಸಂಶೋಧನೆ ಮಾಡ್ತಿರೋ ಗೆಳತಿಯೊಬ್ಬಳು, "ಆ ಹಸಿರಿನ ಇನ್ನೊಂದು ನಕ್ಷೆ ಇದೆ, ಬಂದ್ರೆ ತೋರಿಸ್ತೀನಿ" ಅಂದಳು. ಶುಕ್ರವಾರ ರಜೆ ಹಾಕಿ ಹೊರಟೆ.

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟಿ ಯಳಂದೂರು ಸೇರಿದರೆ ಕಬ್ಬು, ಭತ್ತದ ಗದ್ದೆಗಳ ಆಚೆ ಬೆಟ್ಟದ ಸಾಲು ಎದ್ದು ನಿಲ್ಲುತ್ತೆ. ಗುಂಬಳ್ಳಿ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರ್ ಬರೆಸಿ ಮೇಲೆ ಹತ್ತಬೇಕು. ಕೆಳಗೆ ಮುಳ್ಳುಕಂಟಿಯ ಒಣ ಕಾಡು. ಒಂದೊಂದು ತಿರುವು ಕಳೆದಂತೆ ಮರ ಎತ್ತರವಾಗುತ್ತೆ, ಗಾಳಿ ತಣ್ಣಗಾಗುತ್ತೆ. ಇನ್ನೂ ಮೇಲೆ ಶೋಲಾ ಕಾಡು, ಹುಲ್ಲುಗಾವಲು. ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳನ್ನು ಕೂಡಿಸುವ ಸೇತುವೆಯಂತೆ ಈ ಬೆಟ್ಟಗಳಿವೆ. ಹಾಗಾಗಿ ಎರಡೂ ಕಡೆಯ ಗಿಡ, ಹಕ್ಕಿ ಇಲ್ಲಿ ಸಿಗುತ್ತವೆ.

ಕಾಡಿನ ಮೂಲನಿವಾಸಿಗಳು ಸೋಲಿಗರು. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನೋ ಕಥೆ ಇದೆ. ಹಾಗಾಗಿ ಅವರಿಗೆ ಆತ ಭಾವ; ಸಲುಗೆಯಿಂದ 'ರಂಗಭಾವ' ಅಂತಲೇ ಕರೀತಾರೆ. ಅವರ ವಾಸದ ಊರಿಗೆ ಪೋಡು ಅಂತ ಹೆಸರು.

ಗೆಳತಿ ಕರೆದುಕೊಂಡು ಹೋದದ್ದು ಅಂಥ ಒಂದು ಪೋಡಿಗೆ. ಮನೆಗಳ ಹಿಂದೆ ಕಾಫಿ ಗಿಡ, ಅದರ ಹಿಂದೆ ಆನೆ ಬಾರದಿರಲಿ ಅಂತ ತೋಡಿದ ಕಂದಕ, ಆಮೇಲೆ ಕಾಡು. ಹಿರಿಯರೊಬ್ಬರು ಜಗುಲಿಯಲ್ಲಿ ಕೂತಿದ್ದರು. ರಾಗಿ ರೊಟ್ಟಿ, ಚಟ್ನಿ ಬಂತು. ತಿಂದು ಮುಗಿಸಿ ನಾನು ಫೋನಿನಲ್ಲಿ ಉಪಗ್ರಹದ ಚಿತ್ರ ತೆರೆದು ಅವರ ಮುಂದೆ ಹಿಡಿದೆ. "ತಾತ, ಇಲ್ಲಿ ನೋಡಿ, ನಿಮ್ಮ ಮನೆ ಇದು." ಅವರು ಕಣ್ಣು ಕಿರಿದು ಮಾಡಿ ನೋಡಿದರು. ತಗಡಿನ ಚಾವಣಿ ಗುರುತು ಸಿಕ್ಕಿತು. ಆಮೇಲೆ ಬೆರಳನ್ನು ಪರದೆಯಿಂದ ಹೊರಗೇ ಎಳೆದುಕೊಂಡು ಹೋಗಿ ಗಾಳಿಯಲ್ಲಿ ತೋರಿಸೋಕೆ ಶುರು ಮಾಡಿದರು. ಅಲ್ಲಿ ಅಬ್ಬಿ ಇದೆ, ಅದರ ಮೇಲೆ ಮಾರಮ್ಮ, ಆ ದಿಣ್ಣೆ ದಾಟಿದರೆ ನಮ್ಮ ಎಲ್ಲೆ ಮುಗೀತದೆ, ಆಚೆ ಬೇರೆ ಕುಲದವರದು. "ನಿನ್ನ ಮಿಷಿನ್ನು ಮರದ ತಲೆ ನೋಡ್ತದ ಮಗ, ಬುಡ ನೋಡಲ್ಲ" ಅಂದರು.

ತಾಂತ್ರಿಕವಾಗಿಯೂ ಅವರ ಮಾತು ಸರಿ. ಉಪಗ್ರಹದ ಕ್ಯಾಮೆರಾಗೆ ಕಾಣೋದು ಎಲೆಗಳ ಮೇಲ್ಛಾವಣಿ ಮಾತ್ರ. ಅದರ ಕೆಳಗಿನ ಒರತೆ, ಕಾಲುದಾರಿ, ದೇವರ ಕಲ್ಲು, ಸಮಾಧಿ ಯಾವುದೂ ಅದಕ್ಕೆ ಗೊತ್ತಾಗಲ್ಲ. ಸರ್ವೆ ನಕ್ಷೆಯಲ್ಲಿ ಬೆಟ್ಟದ ಎತ್ತರ, ಹಳ್ಳ ಇರುತ್ತವೆ. ಆದರೆ ಆ ಹಳ್ಳ ಯಾರ ಕುಲದ್ದು, ಅದರ ದಡದಲ್ಲಿ ಯಾರನ್ನು ಮಣ್ಣು ಮಾಡಿದ್ದಾರೆ ಅನ್ನೋದು ಇರಲ್ಲ.

'ಎಲ್ಲೆ' ಅನ್ನೋ ಪದ ನಮಗೆಲ್ಲ ಗೊತ್ತು, ಗಡಿ ಅಂತ. ಸೋಲಿಗರಲ್ಲಿ ಅದು ಒಂದು ಕುಲಕ್ಕೆ ಸೇರಿದ ಕಾಡಿನ ಭಾಗ. ತೇನೇರು, ಸೂರೀರು, ಹಾಲೇರು ಹೀಗೆ ಬೇರೆ ಬೇರೆ ಕುಲಗಳಿವೆ. ಪ್ರತಿ ಎಲ್ಲೆಯೊಳಗೂ ಒಂದು ದೇವರು, ಒಂದು ಮಾರಮ್ಮ, ವೀರು ಎಂಬ ಶಕ್ತಿಯ ತಾಣ, ಸತ್ತವರ ನೆನಪಿನ ಕಲ್ಲುಗುಡಿ, ನೀರಿನ ಅಬ್ಬಿ ಇರುತ್ತವೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರದ ಹೆಸರು ನೀವು ಕೇಳಿರಬಹುದು. ನಮಗದು ಫೋಟೊ ತೆಗೆಯುವ ಹಳೇ ಮರ, ಅವರಿಗೆ ದೇವರು. ಹುಲಿಗೂ ದೇವರ ಸ್ಥಾನವಿದೆ, ಹುಲಿವೀರಪ್ಪ ಅಂತ.

ಇದೆಲ್ಲ ತಲೆತಲಾಂತರದಿಂದ ಬಾಯಲ್ಲೇ ಇತ್ತು. ಅದನ್ನು ನಕ್ಷೆ ಮಾಡುವ ಅಗತ್ಯ ಯಾಕೆ ಬಂತು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು, 1987ರಲ್ಲಿ ಅದನ್ನು 540 ಚದರ ಕಿಲೋಮೀಟರಿಗೆ ಹಿಗ್ಗಿಸಿದರು. ಜಾಗ ಬದಲಾಯಿಸುತ್ತಾ ಬೇಸಾಯ ಮಾಡುತ್ತಿದ್ದ ಸೋಲಿಗರನ್ನು ಒಂದೇ ಕಡೆ ಪೋಡುಗಳಲ್ಲಿ ನೆಲೆ ನಿಲ್ಲಿಸಲಾಯಿತು. ಬೇಟೆ ನಿಂತಿತು. ಒಣ ಎಲೆಗೆ ಕಾಲ ನೋಡಿ ಹಾಕುತ್ತಿದ್ದ 'ತರಗು ಬೆಂಕಿ' ನಿಂತಿತು. ಆಮೇಲೆ, 2000ದ ದಶಕದಲ್ಲಿ, ಜೇನು, ನೆಲ್ಲಿಕಾಯಿ, ಪಾಚಿ ಇಂಥ ಕಿರು ಉತ್ಪನ್ನಗಳನ್ನು ಮಾರಾಟಕ್ಕಾಗಿ ತರುವುದಕ್ಕೂ ನಿಷೇಧ ಬಂತು. ಎಷ್ಟೋ ಮನೆಗಳ ವರ್ಷದ ಆದಾಯದ ದೊಡ್ಡ ಪಾಲು ಅದೇ ಆಗಿತ್ತು.

ಈ ಎಲ್ಲ ತೀರ್ಮಾನಗಳ ಕಡತದಲ್ಲೂ ಒಂದು ನಕ್ಷೆ ಇರುತ್ತಿತ್ತು. ಅದರಲ್ಲಿ ಕಾಡಿನ ಗಡಿ, ಬ್ಲಾಕು, ರಸ್ತೆ ಇತ್ತು. ಸೋಲಿಗರ ಎಲ್ಲೆ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಡೇಟಾಬೇಸಿನಲ್ಲಿ ಆ ಕಾಲಂ ಇರಲೇ ಇಲ್ಲ. ಕಾಲಂ ಇಲ್ಲದ ಮೇಲೆ ಯಾರು ಎಷ್ಟು ನಿಜ ಹೇಳಿದರೂ ತುಂಬಿಸೋದು ಎಲ್ಲಿ?

2006ರ ಅರಣ್ಯ ಹಕ್ಕು ಕಾಯ್ದೆ ಆ ಕಾಲಂ ಸೇರಿಸಿತು. ಅದರ ನಿಯಮಗಳು 2008ರಲ್ಲಿ ಜಾರಿಗೆ ಬಂದವು. ತಲೆಮಾರುಗಳಿಂದ ಕಾಡಿನಲ್ಲಿರುವವರ ವೈಯಕ್ತಿಕ ಹಕ್ಕಿನ ಜೊತೆಗೆ ಇಡೀ ಸಮುದಾಯದ ಹಕ್ಕನ್ನೂ ಅದು ಒಪ್ಪುತ್ತೆ: ಕಿರು ಉತ್ಪನ್ನ ಸಂಗ್ರಹಿಸುವ ಹಕ್ಕು, ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು. ಅರ್ಜಿ ಶುರುವಾಗೋದು ಗ್ರಾಮಸಭೆಯಲ್ಲಿ. ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿ, ಆಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ಸಾಕ್ಷಿ ಏನು ಕೊಡಬಹುದು ಅಂತ ನಿಯಮದಲ್ಲೇ ಇದೆ. ಹಳೇ ದಾಖಲೆ ಸರಿ, ಅದರ ಜೊತೆಗೆ ಪವಿತ್ರ ಸ್ಥಳ, ಸ್ಮಶಾನ, ಬಾವಿಯಂಥ ಗುರುತುಗಳು, ಹಿರಿಯರ ಬರೆದುಕೊಂಡ ಹೇಳಿಕೆ ಕೂಡ ಸಾಕ್ಷಿಯೇ. ಅಂದರೆ ಅಬ್ಬಿ, ಕಲ್ಲುಗುಡಿ, ಮಾರಮ್ಮ ಎಲ್ಲವೂ ಕಾನೂನಿನ ಕಣ್ಣಿಗೆ ಪುರಾವೆ.

ಇಲ್ಲಿ ಮ್ಯಾಪು ಕೆಲಸಕ್ಕೆ ಬಂತು. ಸೋಲಿಗರ ಹಿರಿಯರು, ಅವರ ಸಂಘದ ಯುವಕರು ಮತ್ತು ಬೆಂಗಳೂರಿನ ಏಟ್ರಿ ಸಂಸ್ಥೆಯ ಸಂಶೋಧಕರು ಜೊತೆಯಾಗಿ ಕಾಡು ಸುತ್ತಿದರು. ಸೋಲಿಗ ಸಮುದಾಯದಿಂದಲೇ ಬಂದು ಪಿಎಚ್‌.ಡಿ. ಮಾಡಿದ ಸಿ. ಮಾದೇಗೌಡರು ಈ ಕೆಲಸದಲ್ಲಿ ಮುಂದೆ ಇದ್ದವರು. ವಿಧಾನ ಕೇಳಿದರೆ ಸರಳ ಅನ್ಸುತ್ತೆ. ಹಿರಿಯರು ಮುಂದೆ ನಡೀತಾರೆ, ಜಾಗ ತೋರಿಸಿ ಹೆಸರು, ಕುಲ, ಕಥೆ ಹೇಳ್ತಾರೆ. ಹಿಂದಿರುವವರು ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರದಲ್ಲಿ ಅಕ್ಷಾಂಶ, ರೇಖಾಂಶ ದಾಖಲಿಸಿ ಪುಸ್ತಕದಲ್ಲಿ ವಿವರ ಬರ್ಕೊಳ್ತಾರೆ. ಹೀಗೆ ನೂರಾರು ತಾಣಗಳು ಒಂದೊಂದಾಗಿ ಚುಕ್ಕಿಯಾದವು. ಚುಕ್ಕಿಗಳನ್ನು ಕುಲದ ಪ್ರಕಾರ ಜೋಡಿಸಿದಾಗ ಎಲ್ಲೆಗಳು ಎದ್ದು ಬಂದವು.

ಮಾಡುವಾಗ ಅಷ್ಟು ಸರಳ ಅಲ್ಲ. ಸ್ಥಾನ ಸರಿಯಾಗಿ ತಿಳಿಯೋಕೆ ಜಿಪಿಎಸ್‌ಗೆ ಕಡಿಮೆ ಅಂದರೂ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ದಟ್ಟ ಎಲೆಯ ಕೆಳಗೆ ಸಂಕೇತ ಕುಗ್ಗುತ್ತೆ, ಬಂಡೆಗೆ ಬಡಿದು ತಿರುಗಿ ಬರುತ್ತೆ, ಚುಕ್ಕಿ ಅತ್ತಿತ್ತ ಜಾರುತ್ತೆ. ಹಾಗಾಗಿ ಒಂದೇ ಕಡೆ ಸ್ವಲ್ಪ ಹೊತ್ತು ನಿಂತು ಕಾಯಬೇಕು, ಅದೂ ಆನೆ ಓಡಾಡುವ ಕಾಡಿನಲ್ಲಿ. ಗಡಿಯ ವಿಷಯ ಇನ್ನೂ ಕಷ್ಟ. ಸಾಫ್ಟ್‌ವೇರಿಗೆ ಗಡಿ ಅಂದರೆ ಒಂದು ಚೂಪಾದ ಗೆರೆ: ಈಚೆ ನಿನ್ನದು, ಆಚೆ ಅವನದು. ತಾತ ಹೇಳಿದ ಎಲ್ಲೆ ಹಾಗಿಲ್ಲ. "ಎಲ್ಲೆ ಬೇರೆ ಆದ್ರೂ ನೆಂಟ್ರಲ್ವಾ? ಕೇಳಿ ಹೋದ್ರೆ ಜೇನು ಕೀಳಬೋದು" ಅಂದರು. ಈ 'ಕೇಳಿ ಹೋದ್ರೆ' ಅನ್ನೋದನ್ನು ಯಾವ ಪಾಲಿಗನ್‌ನಲ್ಲಿ ಬರೆಯೋದು? ಉತ್ತರ ಗೆಳತಿಯ ಬಳಿ ಇತ್ತು: ನಕ್ಷೆಯ ಜೊತೆ ಪಕ್ಕದಲ್ಲಿ ಕಥೆಯನ್ನೂ ಇಡೋದು. ಗೆರೆಯೊಂದನ್ನೇ ನೋಡಿ ಓದಬಾರದು.

ಕೆಲಸದ ಪ್ರಾಮುಖ್ಯ ಬಹಳ ಬೇಗ ತಿಳಿಯಿತು. 2011ರ ಜನವರಿಯಲ್ಲಿ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಒಟ್ಟು ಸುಮಾರು 574 ಚದರ ಕಿಲೋಮೀಟರ್, ಅದರಲ್ಲಿ ಸುಮಾರು 359 ಹುಲಿಗಳಿಗೇ ಮೀಸಲಾದ ನಡುಭಾಗ. ಎಷ್ಟೋ ಪೋಡುಗಳಲ್ಲಿ, ನಮ್ಮನ್ನು ಕೆಳಗಿಳಿಸ್ತಾರಾ ಅನ್ನೋ ಭಯ ಹುಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಬರೀ ಮ್ಯಾಪಿನಿಂದ ಇದಾಯಿತು ಅಂತ ನಾನು ಹೇಳ್ತಿಲ್ಲ. ಅದರ ಹಿಂದೆ ದಶಕಗಳ ಸಂಘಟನೆ, ಸಭೆ, ಅಲೆದಾಟ ಇದೆ. ಆದರೆ ಮೇಜಿನ ಆಚೆ ಕೂತ ಅಧಿಕಾರಿಗೆ "ನಮ್ಮಜ್ಜನ ಕಾಲದಿಂದ ಇದ್ದೀವಿ" ಅನ್ನೋ ಮಾತನ್ನು ಅವರದೇ ಭಾಷೆಯಲ್ಲಿ, ಅವರದೇ ನಕ್ಷೆಯ ಮೇಲೆ ಕೂರಿಸಿ ತೋರಿಸಿದಾಗ ತಳ್ಳಿಹಾಕೋದು ಕಷ್ಟವಾಗುತ್ತೆ.

ಹಕ್ಕುಪತ್ರ ಬಂದ ಮೇಲೂ ಎಲ್ಲ ಸುಸೂತ್ರವಾಗಿಲ್ಲ. ಕಾಗದದ ಹಕ್ಕಿಗೂ ಕಾಡಿನಲ್ಲಿ ನಿಜವಾಗಿ ಕೈಗೆ ಸಿಗುವ ಹಕ್ಕಿಗೂ ಅಂತರವಿದೆ. ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಬಿದ್ದ ಲಂಟಾನ ಪೊದೆಯನ್ನೇ ತಗೊಳ್ಳಿ. ಹೊರದೇಶದಿಂದ ಬಂದ ಈ ಕಳೆ 1997ರಿಂದ 2008ರ ನಡುವೆ ಈ ಕಾಡಿನಲ್ಲಿ ಸುಮಾರು ದುಪ್ಪಟ್ಟು ಜಾಗಕ್ಕೆ ಹಬ್ಬಿದೆ ಅಂತ ಸಂಶೋಧಕರು ದಾಖಲಿಸಿದ್ದಾರೆ. ತರಗು ಬೆಂಕಿ ನಿಂತದ್ದೇ ಇದಕ್ಕೆ ಒಂದು ಕಾರಣ ಅನ್ನೋದು ಸೋಲಿಗರ ವಾದ. ಬೇಸಿಗೆಗೆ ಮುಂಚೆ ನೆಲಮಟ್ಟದಲ್ಲಿ ಮೆಲ್ಲಗೆ ಓಡುವ ಬೆಂಕಿ ಕಳೆಯ ಸಸಿಗಳನ್ನು ಸುಡುತ್ತಿತ್ತು. ಈಗ ಪೊದೆ ಬೆಳೆದು ಒಣಗಿ, ಬೆಂಕಿ ಬಿದ್ದರೆ ಮರದ ತಲೆಗೇ ಹತ್ತುತ್ತೆ ಅಂತ. ಹೌದೋ ಅಲ್ಲವೋ ಅಂತ ಪರೀಕ್ಷಿಸೋದಕ್ಕೂ ನಕ್ಷೆಯೇ ಬೇಕು. ಎಲ್ಲಿ ಯಾವಾಗ ಬೆಂಕಿ ಹಾಕುತ್ತಿದ್ದರು, ಎಲ್ಲಿ ಈಗ ಪೊದೆ ಎಷ್ಟಿದೆ ಎನ್ನುವುದನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಕಾಡಿನ ಯೋಜನೆ ಬರೆಯುವ ಕೋಣೆಯಲ್ಲಿ ತಾತನಂಥವರಿಗೆ ಕುರ್ಚಿ ಸಿಗಬೇಕು ಅನ್ನೋದು ಇದಕ್ಕೇ.

ಇನ್ನೊಂದು ಪ್ರಶ್ನೆ ನನ್ನ ಕಸುಬಿಗೇ ಹತ್ತಿರದ್ದು. ನಮ್ಮಲ್ಲಿ ಡೇಟಾ ಎಲ್ಲರಿಗೂ ಮುಕ್ತವಾಗಿರಬೇಕು ಅನ್ನೋದು ದೊಡ್ಡ ಆದರ್ಶ. ನಾನೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ರಸ್ತೆ, ಅಂಗಡಿ ಸೇರಿಸುವವರಲ್ಲಿ ಒಬ್ಬ. ಆದರೆ ಕಲ್ಲುಗುಡಿಯ ಚುಕ್ಕಿಯನ್ನು ಮುಕ್ತವಾಗಿ ಹಾಕಿದರೆ ಏನಾಗುತ್ತೆ? ಮುಂದಿನ ವಾರಾಂತ್ಯವೇ ಅಲ್ಲಿಗೆ ಬೈಕುಗಳು ಬರುತ್ತವೆ. ಜೇನುಬಂಡೆಯ ಗುರುತು ಹಾಕಿದರೆ ಜೇನು ಕೀಳೋಕೆ ಬೇರೆಯವರೂ ಬರಬಹುದು. ಯಾವ ಚುಕ್ಕಿ ಯಾರಿಗೆ ಕಾಣಬೇಕು ಅಂತ ನಿರ್ಧರಿಸಬೇಕಾದವರು ಆ ಕುಲದವರು. ಯಂತ್ರ ಹಿಡಿದವರೂ ಅಲ್ಲ, ಆಪ್ ಮಾಡಿದವರೂ ಅಲ್ಲ.

ಈ ಪಾಠ ಊರಲ್ಲೂ ಉಪಯೋಗಕ್ಕೆ ಬರುತ್ತೆ. ನಿಮ್ಮ ಬಡಾವಣೆಯ ಹಿಂದೆ ಕೆರೆಯೋ ರಾಜಕಾಲುವೆಯೋ ಇದ್ದರೆ ಕಂದಾಯ ಇಲಾಖೆಯ ದಿಶಾಂಕ್ ಆಪ್ ತೆರೆದು ಅಲ್ಲಿ ನಿಂತು ನೋಡಿ. ಸರ್ವೆ ನಂಬರಿನ ಜೊತೆ ಹಳೇ ಗ್ರಾಮನಕ್ಷೆಯ ಗುರುತುಗಳು ಕಾಣುತ್ತವೆ. ಆಮೇಲೆ ಆ ಏರಿಯಾದ ಹಳಬರನ್ನು ಹಿಡಿದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿ, ನಡೆದು, ಗುರುತು ಹಾಕಿ. ಮುಂದೆ ಯಾವುದಾದರೂ ಕರಡು ಯೋಜನೆಗೆ ಆಕ್ಷೇಪಣೆ ಕರೆದಾಗ ಬರೀ "ನಮ್ಮ ವಿರೋಧವಿದೆ" ಅನ್ನೋದಕ್ಕಿಂತ ಆ ಒಂದು ನಕ್ಷೆ ಹೆಚ್ಚು ಮಾತಾಡುತ್ತೆ.

ಬೆಟ್ಟಕ್ಕೆ ಹೋಗುವವರಿಗೆ ಒಂದೆರಡು ಮಾತು. ಕತ್ತಲಾಗುವ ಮುನ್ನವೇ ಚೆಕ್‌ಪೋಸ್ಟ್ ದಾಟುವಂತೆ ಹೊರಡಿ. ರಾತ್ರಿ ಆ ದಾರಿ ಪ್ರಾಣಿಗಳದ್ದು. ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳೀಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ. ಮೇಲೆ ನೆಟ್‌ವರ್ಕ್ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಸಿಗುತ್ತೆ, ಅದಕ್ಕೆ ಬೇಸರ ಬೇಡ. ಸೋಲಿಗರು ಬೆಳೆದ ಕಾಫಿ, ಜೇನು ಸಿಕ್ಕರೆ ಕೊಂಡುಕೊಳ್ಳಿ. ಪೋಡಿನವರು ಪ್ರೀತಿಯಿಂದ ಯಾವುದಾದರೂ ದೇವರ ಜಾಗ ತೋರಿಸಿದರೆ ಕೈ ಮುಗಿದು ಬನ್ನಿ. ಫೋಟೊ ಹಾಕಲೇಬೇಕು ಅನಿಸಿದರೆ ಅವರನ್ನು ಕೇಳಿ ಹಾಕಿ, ಲೊಕೇಶನ್ ಮಾತ್ರ ಆಫ್ ಇರಲಿ.