ಕನೌಜಿನ ಕೇಶಸೌರಭ

ಕನ್ಯಾಕುಬ್ಜವೆಂದೊಡನೆ ಕನ್ನಡಿಗರಿಗೆ ನೆನಪಾಗುವವನು ಹರ್ಷವರ್ಧನ. ಇಮ್ಮಡಿ ಪುಲಕೇಶಿಯು ಅವನ ಹರ್ಷವನ್ನೇ ಕಳೆದನೆಂದು 634ರ ಐಹೊಳೆಯ ಶಾಸನವು ಶ್ಲೇಷೆಯಿಂದ ಹೇಳುತ್ತದೆ. ಆ ಚಕ್ರವರ್ತಿಯ ರಾಜಧಾನಿಯೇ ಉತ್ತರಪ್ರದೇಶದ ಇಂದಿನ ಕನೌಜು. ಕಾನ್ಪುರದ ವಾಯವ್ಯಕ್ಕೆ, ಗಂಗೆಯ ಬಯಲಿನಲ್ಲಿರುವ ಈ ಊರಿನಲ್ಲಿ ಅರಮನೆಯನ್ನು ಅರಸಿ ಹೋದವರಿಗೆ ಕಾಣುವುವು ಮಣ್ಣುದಿಬ್ಬಗಳು. ಬಜಾರಿನ ಇಕ್ಕಟ್ಟಾದ ಓಣಿಗಳಲ್ಲಿ ಮಾತ್ರ ಪರಿಮಳವು ಅರಸುತನ ನಡೆಸುತ್ತಿದೆ.

ಬಿಸಿಗಾಳಿಯು ಮುಖವನ್ನು ಸುಡುವ ಬೇಸಗೆಯೇ ಇಲ್ಲಿ ಬೇಲಾ ಹೂವಿನ ಕಾಲ. ಬೇಲಾ ಎಂದರೆ ಬೇರೆ ಯಾವುದೋ ಅಪರೂಪದ ಹೂವಲ್ಲ, ನಮ್ಮ ದುಂಡುಮಲ್ಲಿಗೆಯೇ. ಈ ಹೂವಿನದೊಂದು ವಿಚಿತ್ರ ಗುಣವಿದೆ. ಗಿಡದಿಂದ ಕಿತ್ತ ಮೇಲೂ ಅದರ ಮೊಗ್ಗು ಅರಳುತ್ತದೆ. ಅರಳುತ್ತ ಕಂಪನ್ನು ಹೊಸದಾಗಿ ಹಡೆಯುತ್ತದೆ. ಮುಡಿದ ದಂಡೆಯು ಸಂಜೆಯಾದಂತೆ ಹೆಚ್ಚು ಘಮಘಮಿಸುವುದನ್ನು ಬಲ್ಲ ಹೆಂಗಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೇಶತೈಲದ ರಹಸ್ಯವೂ ಇದೇ. ಸಿಪ್ಪೆ ತೆಗೆದ ಎಳ್ಳನ್ನು ಹರಡಿ, ಅದರ ಮೇಲೆ ಹೂವು, ಮತ್ತೆ ಎಳ್ಳು, ಮತ್ತೆ ಹೂವು ಎಂದು ಪದರ ಕಟ್ಟುತ್ತಾರೆ. ರಾತ್ರಿಯೆಲ್ಲ ಮಲ್ಲಿಗೆಯು ಬಿಟ್ಟ ಉಸಿರನ್ನು ಎಳ್ಳು ಹೀರಿಕೊಳ್ಳುತ್ತದೆ. ಬಾಡಿದುದನ್ನು ಜರಡಿಯಾಡಿ ತೆಗೆದು ಹೊಸ ಹೂವನ್ನು ಹಾಸುತ್ತಾರೆ. ಹೀಗೆ ಹಲವು ದಿನ. ಕಡೆಗೆ ಗಾಣ. ಬೆಂಕಿಯ ಸೋಂಕೇ ಇಲ್ಲ! ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ, ಅರಸನ ಅಭ್ಯಂಜನಕ್ಕಾಗಿ ಹೂವಿನ ವಾಸನೆ ಕಟ್ಟಿದ ಎಳ್ಳಿನೆಣ್ಣೆಯ ಮಾತು ಬರುತ್ತದೆ.

ಅತ್ತರಿನ ದಾರಿ ಬೇರೆ. ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಸೌದೆ ಬೆರಣಿಗಳ ಹದವಾದ ಉರಿಯಲ್ಲಿ ಕಾಯಿಸುತ್ತಾರೆ. ಆವಿಯು ಬಿದಿರಿನ ಕೊಳವೆಯಲ್ಲಿ ಹರಿದು, ತಣ್ಣೀರಿನ ತೊಟ್ಟಿಯಲ್ಲಿ ಕುಳಿತ ‘ಭಪ್ಕಾ’ ಎಂಬ ಕೊಡವನ್ನು ಸೇರುತ್ತದೆ. ಉರಿಯ ಹದವನ್ನು ಅಳೆಯುವುದು ಕೆಲಸಗಾರನ ಅಂಗೈ. ಕೊಡದೊಳಗೆ ಮೊದಲೇ ಕಾದಿರುವುದು ಶ್ರೀಗಂಧದ ಎಣ್ಣೆ. ಕ್ಷಣಾರ್ಧದಲ್ಲಿ ಹಾರಿಹೋಗುವ ಹೂಗಂಪನ್ನು ಹಿಡಿದು ನಿಲ್ಲಿಸುವ ಶಕ್ತಿ ಅದಕ್ಕುಂಟು.

ಇಲ್ಲಿಯೇ ಸಂಕಟ. ಶ್ರೀಗಂಧವು ದಕ್ಷಿಣದ ಕಾಡಿನ ಸೊತ್ತು. ಕಳ್ಳಸಾಗಣೆಯಿಂದಲೂ ಅತಿಯಾದ ಕಡಿತದಿಂದಲೂ ಆ ಕಾಡು ಬರಿದಾಗಿ, ಎಣ್ಣೆಯ ಬೆಲೆ ಗಗನಕ್ಕೇರಿತು. ಭಪ್ಕಾಗಳಲ್ಲಿ ಶ್ರೀಗಂಧವಿದ್ದೆಡೆ ಲಿಕ್ವಿಡ್ ಪ್ಯಾರಾಫಿನ್ ಬಂದು ಕುಳಿತಿತು. ಅದಕ್ಕೆ ಸ್ವಂತದ ಗಂಧವಿಲ್ಲ. ಅಗ್ಗವೆಂಬುದೊಂದೇ ಅದರ ಹೆಗ್ಗಳಿಕೆ. ಕನೌಜಿನ ಸುಗಂಧಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆಯಾದರೂ, ಮೈಸೂರು ಸೀಮೆಯ ಮರ ಉರುಳಿದ ಪೆಟ್ಟು ಗಂಗಾತೀರದ ಕುಶಲಕರ್ಮಿಗೂ ತಟ್ಟಿದೆ.

ಅಂಗಡಿಯವನು ಹನಿ ಅತ್ತರನ್ನು ಮುಂಗೈಗೆ ಸವರಿದಾಗ ಒಡನೆಯೇ ಹಣ ತೆರುವವರು ಅವಸರಗಾರರು. ಬಲ್ಲವರು ಬಜಾರನ್ನು ಒಂದು ಸುತ್ತು ಸುತ್ತಿಬಂದು ಮತ್ತೆ ಮೂಸುತ್ತಾರೆ. ಮಲ್ಲಿಗೆಯು ಮೆಲ್ಲಗೆ ಇಳಿದ ಮೇಲೆ ಅದರಡಿಯಿಂದ ಶ್ರೀಗಂಧವು ತಲೆಯೆತ್ತಿದರೆ ಸರಕು ಸಾಚಾ. ಅಂಥದಾದರೆ ಬೇಸಗೆಯ ಸಂಜೆ ಹೆರಳು ಹಾಕುವ ಮುನ್ನ ಬಾಚಣಿಗೆಯ ಹಲ್ಲಿಗೆ ಒಂದೇ ಹನಿ ಸಾಕು.