ಇಂಜಿನ್ ನಿಂತರೆ ಇಲ್ಲಿ ಎಲ್ಲಿ ಇಳಿಸ್ತೀಯಾ?

ಕುಶಾಲನಗರದಿಂದ ಗುಡ್ಡೆಹೊಸೂರು, ನಂಜರಾಯಪಟ್ಟಣ ದಾಟಿ ಸಿದ್ದಾಪುರಕ್ಕೆ ಹೋಗೋ ಬಸ್ಸಿನಲ್ಲಿ ಪ್ರವಾಸಿಗರು ದುಬಾರೆ ಹತ್ತಿರವೇ ಇಳಿದುಬಿಡುತ್ತಾರೆ. ಆನೆ ನೋಡಿದರು, ಫೋಟೋ ತೆಗೆದರು, ವಾಪಸ್. ಬಸ್ಸು ಮಾತ್ರ ಕಾಫಿ ತೋಟಗಳ ನಡುವೆ ತಿರುಗುತ್ತಾ ಮುಂದೆ ಹೋಗುತ್ತದೆ. ಕಾವೇರಿಯ ಈ ದಡದಲ್ಲಿ ನೆಲ್ಯಹುದಿಕೇರಿ, ಸೇತುವೆ ದಾಟಿದರೆ ಸಿದ್ದಾಪುರ. ನೆಲ್ಯಹುದಿಕೇರಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಚಿಕ್ಕಪ್ಪ ಅಲ್ಲೇ ಒಂದು ತೋಟದಲ್ಲಿ ರೈಟರ್ ಆಗಿದ್ದವರು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ನಾನು ಆ ಊರಿಗೆ ಹೋಗೋದು ತಪ್ಪಲ್ಲ.

ಈ ದಾರೀಲಿ ಎಲ್ಲರೂ ಹಸಿರು ನೋಡ್ತಾರೆ. ನಾನು ಖಾಲಿ ಜಾಗ ಹುಡುಕ್ತೀನಿ. ಈ ಅಭ್ಯಾಸಕ್ಕೆ ಒಂದು ಕಾರಣ ಇದೆ.

ಪೈಲಟ್ ತರಬೇತಿಯಲ್ಲಿದ್ದಾಗ ಒಂದು ಮಾರ್ಚ್ ಬೆಳಿಗ್ಗೆ, ಬಯಲುಸೀಮೆಯ ಮೇಲೆ, ನಮ್ಮ ಸೆಸ್ನಾ 172ರ ಇಂಜಿನ್ ಗಡಗಡ ನಡುಗಿ ಶಕ್ತಿ ಕಳೆದುಕೊಂಡಿತು. ಒಂದೇ ಇಂಜಿನ್ ಇರೋ ವಿಮಾನ ಅದು. ನೆಲದಿಂದ ಸುಮಾರು 2500 ಅಡಿ ಮೇಲಿದ್ದೆವು. ಪಕ್ಕದಲ್ಲಿದ್ದ ತರಬೇತುದಾರರು ಕಂಟ್ರೋಲ್ ತಗೊಂಡರು. "ನೀನು ಚೆಕ್‌ಲಿಸ್ಟ್ ಓದು, ರೇಡಿಯೋ ನೋಡ್ಕೋ" ಅಂದರು. ಅವರ ದನಿ ಒಂದು ಚೂರೂ ಏರಲಿಲ್ಲ.

ತುಂಬಾ ಜನ ಅಂದುಕೊಳ್ಳೋದು ಇಂಜಿನ್ ನಿಂತರೆ ವಿಮಾನ ಕಲ್ಲಿನ ಥರ ಬೀಳುತ್ತೆ ಅಂತ. ಹಾಗಾಗಲ್ಲ. ಮೂಗನ್ನು ಸ್ವಲ್ಪ ತಗ್ಗಿಸಿ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗ ಹಿಡಿದುಕೊಂಡರೆ ಅದು ಜಾರುತ್ತಾ ಇಳಿಯುತ್ತೆ. ಗಾಳಿ ಇಲ್ಲದಿದ್ದರೆ 1000 ಅಡಿ ಎತ್ತರ ಕಳೆದುಕೊಳ್ಳೋಷ್ಟರಲ್ಲಿ ಹೆಚ್ಚುಕಮ್ಮಿ 2.7 ಕಿಲೋಮೀಟರ್ ಮುಂದೆ ಹೋಗುತ್ತೆ. ಅಂದರೆ ನಮ್ಮ ಕೈಯಲ್ಲಿದ್ದದ್ದು ಏಳು ಕಿಲೋಮೀಟರಿಗಿಂತ ಕಮ್ಮಿ ದೂರ, ಮೂರೂವರೆ ನಿಮಿಷ. ಎತ್ತರ ಉಳಿಸಿಕೊಳ್ಳೋಕೆ ಮೂಗು ಮೇಲೆತ್ತಿದರೆ ವೇಗ ಸತ್ತು ರೆಕ್ಕೆ ಕೈಕೊಡುತ್ತೆ. ಭಯದಲ್ಲಿ ಕೈ ಮಾಡೋಕೆ ಹೋಗೋದು ಅದನ್ನೇ.

ಆ ಮೂರೂವರೆ ನಿಮಿಷದಲ್ಲಿ ಮೊದಲು ವೇಗ, ಆಮೇಲೆ ಜಾಗ, ಆಮೇಲೆ ಉಳಿದದ್ದು. ಇಂಧನದ ಸ್ವಿಚ್ ಸರಿ ಇದೆಯಾ, ಮಿಶ್ರಣ ಸರಿ ಇದೆಯಾ, ಮ್ಯಾಗ್ನೆಟೋ ಸರಿ ಇದೆಯಾ ಅಂತ ನೋಡಿದೆ. ಇಂಜಿನ್ ಮತ್ತೆ ಹಿಡಿಯಲಿಲ್ಲ. ಮೂರು ಸಲ ಮೇಡೇ ಹೇಳಿದೆ. ಬೆಲ್ಟ್ ಬಿಗಿ ಮಾಡಿಕೊಂಡು, ಇಂಧನ ಬಂದ್ ಮಾಡಿ, ಬಾಗಿಲಿನ ಚಿಲಕ ತೆಗೆದೆ. ಬಡಿದ ಏಟಿಗೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತೆ, ಅದಕ್ಕೇ ಮೊದಲೇ ತೆಗೆದಿಡೋದು. ಕಡಲೆ ಕಿತ್ತು ಖಾಲಿಯಾಗಿದ್ದ ಒಂದು ಎರೆಹೊಲಕ್ಕೆ ಇಳಿದೆವು. ಮುಂದಿನ ಚಕ್ರ ಮುರಿಯಿತು, ಪ್ರೊಪೆಲ್ಲರ್ ಬಾಗಿತು, ಬಾಯಲ್ಲೆಲ್ಲ ಮಣ್ಣು. ಇಬ್ಬರೂ ನಡೆದುಕೊಂಡೇ ಹೊರಗೆ ಬಂದೆವು. ಪಕ್ಕದ ಹೊಲದಿಂದ ಓಡಿ ಬಂದ ಅಮ್ಮ ಒಬ್ಬರು ತಂಬಿಗೆ ಹಿಡಿದು, "ಮೊದ್ಲ ಕೂಡು ಯವ್ವಾ, ನೀರ ಕುಡಿ" ಅಂದರು. ಆಗ ಕೈ ನಡುಗೋಕೆ ಶುರುವಾಯ್ತು.

ಇಂಥದ್ದು ಅಪರೂಪ ಹೌದು, ಆದರೆ ಕತೆಯಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ಎರಡು ಸೀಟಿನ ತರಬೇತಿ ವಿಮಾನ ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳ ಹತ್ತಿರದ ಹೊಲದಲ್ಲಿ ಇಳಿಯಿತು. ಇಬ್ಬರಿಗೂ ಸಣ್ಣಪುಟ್ಟ ಗಾಯ, ಅಷ್ಟೇ. ಎರಡೇ ದಿನ ಬಿಟ್ಟು, ಜೂನ್ 1ರಂದು, ಚಾಮರಾಜನಗರದ ಭೋಗಾಪುರದ ಹತ್ತಿರ ವಾಯುಪಡೆಯ ಕಿರಣ್ ವಿಮಾನ ಬಿದ್ದು ಸುಟ್ಟುಹೋಯಿತು. ಅದರಲ್ಲಿದ್ದ ಇಬ್ಬರು ಪೈಲಟ್‌ಗಳು ಸೀಟಿನ ಸಮೇತ ಹೊರಗೆ ಚಿಮ್ಮಿ, ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ನಾವು ಕಲಿಯೋ ಸಣ್ಣ ವಿಮಾನಗಳಲ್ಲಿ ಆ ಸೀಟು ಇರಲ್ಲ. ಕೊನೇ ತನಕ ಹಾರಿಸಲೇಬೇಕು. ಹೊಲವೇ ನಮ್ಮ ಪ್ಯಾರಾಚೂಟು.

ಕಳೆದ ಸಲ ಊರಿಗೆ ಹೋದಾಗ ಚಿಕ್ಕಪ್ಪ ತೋಟದ ದಾರೀಲಿ ನಡೀತಾ ಕೇಳಿಯೇಬಿಟ್ಟರು. "ಅಲ್ಲ ಪುಟ್ಟಿ, ಅವತ್ತು ನೀವು ನಮ್ಮೂರ ಮೇಲಿದ್ದಿದ್ರೆ ಎಲ್ಲಿ ಇಳಿಸ್ತಿದ್ರಿ?"

ನಾನು ನಿಂತು ಸುತ್ತ ನೋಡಿದೆ. ನೆಲ್ಯಹುದಿಕೇರಿಯನ್ನು ಅಷ್ಟು ಗಮನಕೊಟ್ಟು ನೋಡಿದ್ದು ಅವತ್ತೇ.

ತೋಟ ಅಂದರೆ ಕೆಳಗೆ ರೋಬಸ್ಟಾ, ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಕರಿಮೆಣಸು. ಮೇಲಿಂದ ನೋಡಿದರೆ ಮೆತ್ತನೆ ಹಾಸಿಗೆ ಥರ ಕಾಣುತ್ತೆ. ಒಳಗೆ ಸಿಲ್ವರ್ ಓಕ್ ಕಾಂಡಗಳು ಕಂಬದ ಹಾಗೆ ನಿಂತಿರುತ್ತವೆ. ಬೇರೆ ದಾರಿ ಇಲ್ಲದೆ ಮರದ ಮೇಲೇ ಇಳಿಯಬೇಕಾದರೆ ಮರದ ತುದಿಯನ್ನೇ ನೆಲ ಅಂದುಕೊಂಡು, ಗಾಳಿಗೆ ಎದುರಾಗಿ, ಆದಷ್ಟೂ ನಿಧಾನಕ್ಕೆ ಇಳಿಸಬೇಕು ಅಂತ ಕಲಿಸ್ತಾರೆ. ವೇಗ ಅರ್ಧ ಆದರೆ ಏಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ರೆಕ್ಕೆ ಹೋದರೆ ಹೋಗಲಿ, ಮನುಷ್ಯರು ಕೂತಿರೋ ಡಬ್ಬಿ ಉಳಿದರೆ ಸಾಕು.

ಹೊಳೆ? ಬೇಸಿಗೆಯಲ್ಲಿ ಬಂಡೆ, ಮಳೆಗಾಲದಲ್ಲಿ ಸೆಳೆತ. ಚಕ್ರ ಮಡಚಲಾಗದ ವಿಮಾನ ನೀರಿಗೆ ಇಳಿದರೆ ಮಗುಚೋ ಸಾಧ್ಯತೆನೇ ಜಾಸ್ತಿ. ರಸ್ತೆ? ಎರಡು ಬದಿಗೂ ಮರ, ಅಡ್ಡಡ್ಡ ಕರೆಂಟಿನ ತಂತಿ. ತಂತಿ ಮೇಲಿಂದ ಕಾಣಲ್ಲ, ಕಂಬ ನೋಡಿ ಊಹಿಸಬೇಕು. ಇನ್ನು ವಿಮಾನ ನಿಲ್ದಾಣ? ಕೊಡಗಿನಲ್ಲಿ ಒಂದೂ ಇಲ್ಲ. ಕಣ್ಣೂರು, ಮೈಸೂರು, ಮಂಗಳೂರು ಯಾವುದೂ ಮೂರೂವರೆ ನಿಮಿಷದ ದೂರದಲ್ಲಿಲ್ಲ. ಇನ್ನೊಂದು ಮೋಸ ಇದೆ. ಎತ್ತರದ ಮಾಪಕ ತೋರಿಸೋದು ಸಮುದ್ರಮಟ್ಟದಿಂದ. ಕುಶಾಲನಗರದ ನೆಲವೇ ಸುಮಾರು 2700 ಅಡಿ ಮೇಲಿದೆ. ಮಾಪಕದಲ್ಲಿ 5000 ಅಂತ ಕಂಡರೂ ಕಾಲ ಕೆಳಗಿರೋದು 2300 ಅಡಿ ಮಾತ್ರ.

"ಗದ್ದೆ ಇದೆಯಲ್ಲ?" ಅಂದರು ಚಿಕ್ಕಪ್ಪ.

ಹೌದು, ಉಳಿದದ್ದು ಗದ್ದೆ. ಗುಡ್ಡಗಳ ನಡುವೆ ಹಾವಿನ ಥರ ಹರಿಯೋ ಗದ್ದೆಬಯಲು. ಕೊಯ್ಲಾದ ಮೇಲೆ ಜನವರಿಯಲ್ಲಿ ನೆಲ ಗಟ್ಟಿ ಇರುತ್ತೆ. ನಾಟಿ ಸಮಯದಲ್ಲಾದರೆ ಕೆಸರಲ್ಲಿ ಚಕ್ರ ಹೂತು ವಿಮಾನ ಮುಂದಕ್ಕೆ ಮಗುಚಬಹುದು. ಬದುಗಳೂ ಇವೆ. ಬಿಗಿಯಾಗಿ ಭುಜದ ಬೆಲ್ಟ್ ಹಾಕಿಕೊಂಡಿದ್ದರೆ ಮಗುಚಿದರೂ ಬದುಕೋ ಅವಕಾಶ ಚೆನ್ನಾಗಿರುತ್ತೆ. "ಹಾಗಾದ್ರೆ ಗದ್ದೆಗೇ ಚಿಕ್ಕಪ್ಪ" ಅಂದೆ. ಅವರು ನಕ್ಕರು. "ಇರೋ ಗದ್ದೇನೂ ಕಮ್ಮಿ ಆಗ್ತಿದೆ. ಆನೆ ಬಂದು ತುಳಿದು ಹೋಗುತ್ತೆ ಅಂತ ಎಷ್ಟೋ ಜನ ನಾಟೀನೇ ಬಿಟ್ಟಿದ್ದಾರೆ."

ಪೈಲಟ್‌ಗಳ ನಡುವೆ ಒಂದು ಹಳೇ ಮಾತಿದೆ: ಇಂಜಿನ್ ನಿಂತ ಕ್ಷಣದಿಂದ ವಿಮಾನ ನಿನ್ನದಲ್ಲ, ಇನ್ಶೂರೆನ್ಸ್ ಕಂಪನಿಯದು. ಅಂದರೆ ಅದನ್ನು ಉಳಿಸೋಕೆ ಹೋಗಿ ಜೀವ ಕಳ್ಕೋಬೇಡ. ರನ್‌ವೇಗೆ ವಾಪಸ್ ತಿರುಗಿಸೋ ಆಸೆಯಿಂದ ಎಷ್ಟೋ ಜನ ಸತ್ತಿದ್ದಾರೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಗೆ ದೊಡ್ಡ ವಿಮಾನ ಇಳಿಸಿ 155 ಜನರನ್ನು ಉಳಿಸಿದ ಪೈಲಟ್ ಮಾಡಿದ್ದೂ ಅದೇ. ನಿಲ್ದಾಣದ ಆಸೆ ಬಿಟ್ಟರು, ವಿಮಾನ ಬಿಟ್ಟರು, ಜನರನ್ನು ಹಿಡಿದುಕೊಂಡರು.

ಇದನ್ನು ಹೇಳಿದಾಗ ಚಿಕ್ಕಮ್ಮ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ನಮ್ಮನೆಗೆ ಇನ್ಶೂರೆನ್ಸ್ ಇರಲಿಲ್ಲ" ಅಂದರು.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿಯ ಹೊಳೆದಂಡೆಯ ಎಷ್ಟೋ ಮನೆಗಳು ಬಿದ್ದುಹೋದವು. ಜನ ಪರಿಹಾರ ಕೇಂದ್ರ ಸೇರಿದರು. ಅವುಗಳಲ್ಲಿ ಇವರ ಹಳೇ ಮನೆಯೂ ಒಂದು. ನೀರು ಅಂಗಳ ಮುಟ್ಟಿದಾಗ ಚಿಕ್ಕಮ್ಮ ಹೊಲಿಗೆ ಮಿಷನ್ ಎತ್ತೋಕೆ ಹೋಗಿದ್ದರಂತೆ, ಚಿಕ್ಕಪ್ಪ ಕೈ ಹಿಡಿದು ಎಳೆದುಕೊಂಡು ಹೊರಟರಂತೆ. ನಾನು ಹೊಲದಲ್ಲಿ ಬಿಟ್ಟು ಬಂದದ್ದು ಯಾರದೋ ವಿಮಾನ. ಅವರು ಬಿಟ್ಟು ಬಂದದ್ದು ಇಪ್ಪತ್ತು ವರ್ಷದ ದುಡಿಮೆ. ಎರಡೂ ಒಂದೇ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಆದರೆ ಒಂದು ವಿಷಯದಲ್ಲಿ ಚಿಕ್ಕಮ್ಮ ಯಾವ ಪೈಲಟ್‌ಗೂ ಕಮ್ಮಿ ಇಲ್ಲ. ಟೇಕಾಫ್‌ಗೆ ಮುಂಚೆ ನಾವು ಜೋರಾಗಿ ಹೇಳಿಕೊಳ್ಳುತ್ತೇವೆ: ಈಗ ಇಂಜಿನ್ ನಿಂತರೆ ಹೀಗೆ ಮಾಡ್ತೀನಿ, ಅಲ್ಲಿ ಇಳಿಸ್ತೀನಿ. ಮೇಲೆ ಹೋದ ಮೇಲೆ ಯೋಚಿಸೋಕೆ ಟೈಮ್ ಇರಲ್ಲ. ಈಗ ದಿಬ್ಬದ ಮೇಲಿನ ಬಾಡಿಗೆ ಮನೆಯಲ್ಲಿದ್ದರೂ, ಜೂನ್ ಬಂತು ಅಂದರೆ ಚಿಕ್ಕಮ್ಮ ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಚಿಕ್ಕಪ್ಪನ ಬಿಪಿ ಮಾತ್ರೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಒಂದು ಚೀಲದಲ್ಲಿಟ್ಟು ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಾರೆ.

"ನೀರು ಬಂದ ಮೇಲೆ ಹುಡುಕೋಕಾಗಲ್ಲ ಪುಟ್ಟಿ" ಅಂತಾರೆ.